ಧಾರವಾಡದ ಡಿಟಿಪಿ ಅಂಗಡಿ: ಥೀಸಿಸ್ ಟೈಪ್ ಮಾಡ್ಸೋಕೆ ಹೋದೆ, ಅಡ್ಡಹೆಸರು ಕಲ್ತು ಬಂದೆ

ಧಾರವಾಡದಲ್ಲಿ ಕನ್ನಡ ಥೀಸಿಸ್ ಟೈಪ್ ಮಾಡ್ಸೋಕೆ ಜಾಗ ಹುಡುಕ್ತಿರೋರಿಗೆ ಅಂತ ಇದನ್ನ ಬರೀತಿದೀನಿ. ಸಪ್ತಾಪುರದ ಕಡೆ ಸಣ್ಣ ಅಂಗಡಿ, ಎರಡು ಕಂಪ್ಯೂಟರು, ಬೈಂಡಿಂಗ್ ಯಜಮಾನರು ನೋಡ್ಕೋತಾರೆ, ಟೈಪಿಂಗು ಪ್ರೂಫು ಎಲ್ಲ ಅಕ್ಕಂದು.

ನಾನು ಮಂಡ್ಯದವಳು, ನಮ್ ಕಡೆ ಅಡ್ಡಹೆಸರು, ಅಂದ್ರೆ ಮನೆತನದ ಹೆಸರು, ಇಟ್ಕೊಳ್ಳೋರೇ ಕಮ್ಮಿ. ಕೆ.ಎಸ್. ನರಸಿಂಹಸ್ವಾಮಿ ಅಂದ್ರೆ ಕೆ ಅನ್ನೋದು ಕಿಕ್ಕೇರಿ, ಊರು, ಅಷ್ಟೇ ಗೊತ್ತು ನಂಗೆ. ಥೀಸಿಸ್ ಮಾಡಿದ್ದು ಉತ್ತರ ಕರ್ನಾಟಕದ ಸಣ್ಣಕತೆ ಮೇಲೆ, ಗ್ರಂಥಋಣದ ಪಟ್ಟಿನ ಎಲ್ಲರಂಗೆ ಹೆಸರು ನೋಡ್ಕೊಂಡು ಅಕಾರಾದಿಯಾಗಿ ಜೋಡಿಸ್ಬಿಟ್ಟಿದ್ದೆ. ಗಿರಡ್ಡಿ ಗೋವಿಂದರಾಜರನ್ನ ‘ಗೋ’ದಲ್ಲಿ ಹಾಕಿದ್ದೆ, ಸಿಂಪಿ ಲಿಂಗಣ್ಣನವರನ್ನ ‘ಲಿ’ನಲ್ಲಿ, ಶಂಕರ ಮೊಕಾಶಿ ಪುಣೇಕರರ ‘ಮೊಕಾಶಿ’ ಅವ್ರ ತಂದೆ ಹೆಸರು ಅಂದ್ಕೊಂಡು ಶಂ.ಮೊ. ಪುಣೇಕರ ಅಂತ ಬರೆದಿದ್ದೆ. ಅಕ್ಕ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸ್ತಾ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ರು. ‘ತಂಗೀ, ಗಿರಡ್ಡಿ ಅಡ್ಡಹೆಸರೈತಿ, ಮುಂದ ಬಂದೈತಿ ಅಷ್ಟ. ಸಿಂಪಿನೂ ಹಂಗ. ಮೊಕಾಶಿ ಪುಣೇಕರ ಜೋಡಿ ಹೆಸರು, ಅದನ್ನ ಕತ್ತರಿಸಬ್ಯಾಡ್ರಿ’ ಅಂದ್ರು.

ಆಮೇಲೆ ಕೂತ್ಕೊಂಡು ಹೇಳಿಕೊಟ್ರು. ದ.ರಾ. ಬೇಂದ್ರೆ ಅಂದ್ರೆ ದತ್ತಾತ್ರೇಯ ರಾಮಚಂದ್ರ, ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು, ಇದ್ರಲ್ಲಿ ಊರಿನ ಇನಿಷಿಯಲ್ಲೇ ಇಲ್ಲ. ಕೆಲವರಿಗೆ ಊರೇ ಅಡ್ಡಹೆಸರು: ಕುರ್ತಕೋಟಿ ಗದಗ ಹತ್ರದ ಊರು, ಗೋಕಾಕವೂ ಊರೇ. ಕೆಲವರಿಗೆ ಕಸುಬು: ಸಿಂಪಿ ಅಂದ್ರೆ ಬಟ್ಟೆ ಹೊಲಿಯೋ ಕಸುಬು. ನಂಗೆ ತುಂಬಾ ಹಿಡಿಸಿದ್ದು ಖಾಸನೀಸ ಅನ್ನೋದು. ಚಿಟ್ನೀಸ, ಫಡ್ನೀಸ ಎಲ್ಲದರ ಕೊನೆಗೂ ಬರೋ ‘ನೀಸ’ ಪಾರ್ಸಿಯ ‘ನವೀಸ’ದಿಂದ ಬಂದಿದ್ದಂತೆ, ಅಂದ್ರೆ ಬರೆಯೋನು. ರಾಘವೇಂದ್ರ ಖಾಸನೀಸರ ಕತೆ ಎರಡು ವರ್ಷದಿಂದ ಓದ್ತಿದೀನಿ, ಹೆಸರಲ್ಲೇ ಬರೆಯೋನು ಕೂತಿದಾನೆ ಅಂತ ಗೊತ್ತೇ ಇರ್ಲಿಲ್ಲ. ಅಷ್ಟೇ ಅಲ್ಲ, ಒಂದು ಕಡೆ ‘ಖಾನಸೀಸ’ ಅಂತ ಬೇರೆ ಬರೆದಿದ್ದೆ, ಅದನ್ನೂ ಹಿಡಿದ್ರು.

ಇನ್ನೊಂದು ಮುಖ್ಯವಾದ ವಿಷ್ಯ. ನಾನು ಮೊದಲು ಬೇರೆ ಒಂದು ಅಂಗಡಿಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದ ಫೈಲ್‌ನ, ಎಲ್ಲ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿಸಿದ್ದೆ, ಅಲ್ಲಿ ಅರ್ಕಾವತ್ತು ಎಲ್ಲ ಜಾಗ ಬಿಟ್ಟು ಓಡಿತ್ತು, ಕುರ್ತಕೋಟಿ ಹೋಗಿ ‘ಕುತರ್ಕೋಟಿ’ ಆಗಿತ್ತು, ಅಷ್ಟು ದೊಡ್ಡ ವಿಮರ್ಶಕರ ಹೆಸರಲ್ಲಿ ಕುತರ್ಕ, ನೋಡಿ ಹೊಟ್ಟೆ ತೊಳಸಿದಂಗಾಯ್ತು. ಕುಲಕರ್ಣಿ ಬಂದ ಕಡೆಯೆಲ್ಲ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತಂಕಿ, ‘ಕುಲಕಣಿ೯’. ಮಾಮೂಲಿ ಪದ ಆದ್ರೆ ಓದೋರು ಅಂದಾಜು ಮಾಡ್ಕೋತಾರೆ, ಅಪರೂಪದ ಅಡ್ಡಹೆಸರು ಕೆಟ್ರೆ ಯಾರಿಗೂ ಗೊತ್ತಾಗಲ್ಲ, ಮುಂದಿನವರು ಅದನ್ನೇ ನೋಡ್ಕೊಂಡು ಬರೀತಾರೆ. ಅಕ್ಕ ಹೆಸರುಗಳನ್ನ ಮಾತ್ರ ಕನ್ವರ್ಟರ್‌ಗೆ ಬಿಡದೆ ಕೈಯಾರೆ ಟೈಪ್ ಮಾಡಿದ್ರು. ಗಳಗನಾಥ ಅನ್ನೋ ಕಾವ್ಯನಾಮ ಇದ್ದ ಕಡೆ ಅವ್ರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ ಅಂತ ಪಕ್ಕದಲ್ಲಿ ಸೇರಿಸಿ, ‘ಕು’ನಲ್ಲಿ ಹುಡುಕೋರಿಗೂ ಸಿಗಲಿ ಅಂತ ‘ನೋಡಿ: ಗಳಗನಾಥ’ ಅಂತ ಒಂದು ಸಾಲು ಹಾಕಿಕೊಟ್ರು.

ಟೈಪಿಂಗ್ ಪೇಜಿಗೆ ನಂಗೆ 30 ರೂಪಾಯಿ ಬಿತ್ತು, ಅಕ್ಕಪಕ್ಕದವರಿಗಿಂತ ಸ್ವಲ್ಪ ಜಾಸ್ತಿನೇ. ಪಟ್ಟಿ ತಿದ್ದಿದ್ದಕ್ಕೆ ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ. ತೊಂದ್ರೆ ಅಂದ್ರೆ ಟೈಮು, ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯ್ತು, ಬೈಂಡಿಂಗ್‌ನ ಚಿನ್ನದ ಅಕ್ಷರ ಒಂದು ಕಾಪಿಲಿ ಮಾಸಿತ್ತು, ಕೇಳಿದ್ಮೇಲೆ ಬದಲಾಯಿಸಿಕೊಟ್ರು. ಸಬ್ಮಿಷನ್ ಡೇಟ್ ಹತ್ರ ಇಟ್ಕೊಂಡು ಹೋಗ್ಬೇಡಿ, ಎರಡು ವಾರ ಕೈಲಿಟ್ಕೊಂಡು ಹೋಗಿ.

ಭಾನುವಾರ ರಜೆ, ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರ್ತಾರೆ. ಮತ್ತೆ ಪಟ್ಟಿಲಿರೋ ಪುಸ್ತಕಗಳ ಟೈಟಲ್ ಪೇಜ್ ಫೋಟೋ ಮೊಬೈಲಲ್ಲಿ ಇಟ್ಕೊಂಡಿರಿ, ಅಕ್ಕ ಮೊದಲು ಕೇಳೋದೇ ಅದನ್ನ.