ಕಡಲ ಗಾಳಿಗೆ ಐದು ಮಳೆಗಾಲ: ನಮ್ಮ ಕಾರ್ ಶೆಡ್ಡಿನ ಅಲ್ಯೂಮಿನಿಯಂ ಶಟರ್

ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಕಾರ್ ಶೆಡ್ಡಿಗೆ ಮೊದಲು ಹಾಕಿಸಿದ್ದು ಅಂಗಡಿಗಳಲ್ಲಿ ಕಾಣುವ ಮಾಮೂಲಿ ಕಬ್ಬಿಣದ ರೋಲಿಂಗ್ ಶಟರ್. ಮೂರನೇ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಅಡಿ ಪಟ್ಟಿ ಮುಟ್ಟಿದರೆ ಪದರ ಪದರವಾಗಿ ಉದುರುತ್ತಿತ್ತು. ಮೇಲಿನ ಪಟ್ಟಿಗಳ ಬಣ್ಣ ಮಾತ್ರ ಹಾಗೇ ಇತ್ತು! ಬಿಚ್ಚಲು ಬಂದವರು, "ಇಲ್ಲಿ ಶಟರ್ ಹಾಳಾಗುವುದು ಅಡಿಯಿಂದಲೇ ಮಾರಾಯ್ರೆ" ಎಂದರು. ನೆಲದಿಂದ ಚಿಮ್ಮುವ ಮಳೆ ನೀರು, ಉಪ್ಪು, ಮರಳು ಎಲ್ಲ ಸೇರಿ ನಿಲ್ಲುವುದು ಅಲ್ಲೇ ಅಲ್ವಾ?

ಎರಡನೇ ಸಲ ಅವಸರ ಮಾಡಲಿಲ್ಲ. ಅಮ್ಮನಿಗೆ ಮರದ ಜೋಡಿ ಬಾಗಿಲು ಇಷ್ಟವಿತ್ತು. ಆದರೆ ಅದು ಹೊರಗೆ ತೆರೆಯಲು ಅಂಗಳ ಸಾಲದು, ಆಟಿ ತಿಂಗಳ ಜಡಿಮಳೆಗೆ ಮರ ಉಬ್ಬಿದರೆ ಬಾಗಿಲು ಕಚ್ಚಿಕೊಳ್ಳುತ್ತದೆ. ಮಡಚಿಕೊಂಡು ಮಾಡಿನ ಅಡಿಗೆ ಜಾರುವ ಸೆಕ್ಷನಲ್ ಬಾಗಿಲು ನೋಡಲು ಚೆಂದ. ಅದರ ಹಳಿ ಕೂರಿಸಲು ನಮ್ಮ ಇಳಿಜಾರು ಮಾಡಿನಲ್ಲಿ ಜಾಗವಿಲ್ಲ. ಜಿಐ ಶಟರ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಅಗ್ಗ, ಗಟ್ಟಿಯೂ ಹೌದು. ಆದರೆ ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಕೊನೆಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿ ಮಾಡಿ ಅಂಟಿಸಿದ ಲೇಪ) ಇರುವ ಅಲ್ಯೂಮಿನಿಯಂ ರೋಲಿಂಗ್ ಶಟರ್ ಹಾಕಿಸಿದೆವು. ಮೋಟಾರ್ ಇದೆ, ರಿಮೋಟ್ ಇದೆ.

ಐದು ಮಳೆಗಾಲ ಆಯಿತು. ಪಟ್ಟಿಗಳಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ತೊಂದರೆ ಬಂದದ್ದು ನಾನು ಯೋಚಿಸಿಯೇ ಇರದ ಜಾಗದಲ್ಲಿ, ಸ್ಕ್ರೂಗಳಲ್ಲಿ. ಕೂರಿಸಿದವರು ಶಟರ್ ಜಾರುವ ಎರಡು ಬದಿಯ ಅಲ್ಯೂಮಿನಿಯಂ ಗೈಡ್ ಚಾನೆಲ್‌ಗೆ ಸಾದಾ ಕಬ್ಬಿಣದ ಸ್ಕ್ರೂ ಹೊಡೆದಿದ್ದರು. ಎರಡನೇ ವರ್ಷ ಅವುಗಳ ಸುತ್ತ ಬಿಳಿ ಪುಡಿ ಕಾಣಿಸಿತು. ಉಪ್ಪು ನೀರಿನಲ್ಲಿ ಕಬ್ಬಿಣ ತಾಗಿಕೊಂಡಿದ್ದರೆ ಮೊದಲು ಸವೆಯುವುದು ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಸ್ಟೀಲ್ ತಾಗಿದರೂ ಹಾಗೇ. ಅದಕ್ಕೆ ಎಲ್ಲ ಬಿಚ್ಚಿಸಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ, ಎರಡು ಲೋಹ ತಾಗದಂತೆ ನಡುವೆ ನೈಲಾನ್ ವಾಷರ್ ಕೊಡಿಸಿದೆ. 304 ದರ್ಜೆ ಸುಲಭವಾಗಿ ಸಿಗುತ್ತದೆ, ಆದರೆ ಕಡಲ ಬದಿಯಲ್ಲಿ ಅದರ ಮೇಲೂ ಕಂದು ಕಲೆ ಬರುತ್ತದೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ನೀವು ಹಾಕಿಸುವಾಗ ಈ ಮಾತನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಅಲ್ಯೂಮಿನಿಯಂ ಮೆತ್ತಗೆ ಎಂಬುದೂ ನಿಜ. ಸ್ಕೂಟರಿನ ಹ್ಯಾಂಡಲ್ ತಾಗಿ ಒಂದು ಪಟ್ಟಿ ತಗ್ಗಾಗಿದೆ, ಮೇಲೆ ಸುತ್ತಿಕೊಳ್ಳುವಾಗ ಅಲ್ಲಿ ಕಟಕಟ ಸದ್ದು.

ನನಗೆ ತುಂಬ ಖುಷಿ ಕೊಟ್ಟದ್ದು ನಡುವಿನ ತೂತಿನ ಪಟ್ಟಿಗಳು. ಹಳೆಯ ಶಟರ್ ಇದ್ದಾಗ ಜುಲೈ ಬಂತೆಂದರೆ ಕಾರಿನ ಸೀಟಿನ ಮೇಲೆ ಬೂಸ್ಟು. ಈಗ ಗಾಳಿ ಆಡುತ್ತದೆ, ಆ ಕಾಟ ಇಲ್ಲ.

ಗಾಳಿಮಳೆಗೆ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಕೈಯಿಂದ ತಿರುಗಿಸುವ ಹ್ಯಾಂಡಲ್ ಇಲ್ಲದ ಮೋಟಾರ್ ದಯವಿಟ್ಟು ಕೊಳ್ಳಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಸೆನ್ಸರ್ ಕೂಡ ಬೇಕೇ ಬೇಕು. ಅಡ್ಡ ಏನಾದರೂ ಇದ್ದರೆ ಇಳಿಯುವ ಶಟರ್ ನಿಲ್ಲುತ್ತದೆ.

ಆರೈಕೆ ಕಷ್ಟವಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯುತ್ತೇನೆ, ಏಕೆಂದರೆ ಆಗ ಉಪ್ಪನ್ನು ತೊಳೆಯಲು ಮಳೆಯೂ ಇರುವುದಿಲ್ಲ. ಗೈಡಿಗೆ ಗ್ರೀಸ್ ಹಚ್ಚಬೇಡಿ, ಮರಳು ಅಂಟುತ್ತದೆ. ಸಿಲಿಕಾನ್ ಸ್ಪ್ರೇ ಸಾಕು. ಅಡಿಯ ರಬ್ಬರ್ ಒಂದು ತುದಿಯಲ್ಲಿ ಸೀಳಿದೆ, ಈ ಮಳೆಗಾಲಕ್ಕೆ ಮೊದಲು ಅದನ್ನು ಬದಲಿಸಬೇಕು.