ಒಂದೇ ಬಿಲ್ ಸ್ಕ್ರೀನ್, ನಾಲ್ಕು ಲೈಬ್ರರಿ

ಟರ್ಮಿನಲ್‌ನಲ್ಲೇ, ಅಂದರೆ ಬರೀ ಅಕ್ಷರಗಳ ಪರದೆಯಲ್ಲೇ, ಓಡುವ ಬಿಲ್ಲಿಂಗ್ ಪ್ರೋಗ್ರಾಂ ಬೇಕು, ಮೌಸ್ ಮುಟ್ಟುವಂತಿರಬಾರದು ಅಂತ ಕೇಳಿದವರು ದಿನವಿಡೀ ಎಂಟ್ರಿ ಮಾಡುವವರು. ಎಡಗೈಯಲ್ಲಿ ಚೀಟಿ, ಬಲಗೈ ನಂಬರ್ ಪ್ಯಾಡ್ ಮೇಲೆ, ಸ್ಕ್ರೀನ್ ಕಡೆ ನೋಡುವುದೇ ಅಪರೂಪ. ಸಿದ್ಧ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಇರುವಾಗ ಎಲ್ಲವನ್ನೂ ಬುಡದಿಂದ ಯಾಕೆ ಬರೆಯಬೇಕು ಅಂತ ಹುಡುಕಿ, ಒಂದೇ ಸ್ಕ್ರೀನನ್ನು ನಾಲ್ಕರಲ್ಲಿ ಕಟ್ಟಿ ನೋಡಿದೆ: ಗ್ರಾಹಕರ ಕೋಡ್, ತಾರೀಕು, ಸರಕಿನ ಸಾಲುಗಳು, ಮೊತ್ತ.

ಮೊದಲು ಎನ್‌ಕರ್ಸಸ್, ಟರ್ಮಿನಲ್ ಪರದೆ ಕಟ್ಟುವ ಹಳೇ ಲೈಬ್ರರಿ. ಸಿ ಭಾಷೆಯಲ್ಲಿ ಬರೆದರೆ ಫಾರ್ಮ್, ಮೆನು, ಪ್ಯಾನೆಲ್ ಲೈಬ್ರರಿಗಳು ಜೊತೆಗೇ ಬರುತ್ತವೆ. ಫೀಲ್ಡಿಗೆ ಪೂರ್ಣಾಂಕ, ದಶಾಂಶ ಅಂತ ಟೈಪ್ ಕೊಡಬಹುದು. ನಾನು ಸೋಮಾರಿ, ಪೈಥಾನ್‌ನಿಂದ ಹೊರಟೆ. ಅದರ ಕರ್ಸಸ್ ಮಾಡ್ಯೂಲ್‌ನಲ್ಲಿ ಪ್ಯಾನೆಲ್ ಇದೆ, ಚಿಕ್ಕದೊಂದು ಟೆಕ್ಸ್ಟ್‌ಬಾಕ್ಸ್ ಇದೆ. ಫಾರ್ಮೂ ಇಲ್ಲ, ಮೆನುವೂ ಇಲ್ಲ. ಎರಡು ದಿನ ಫೀಲ್ಡ್ ಬರೆಯುವುದರಲ್ಲೇ ಹೋಯಿತು, ಬಿಲ್ ತನಕ ಬರಲೇ ಇಲ್ಲ.

ಗೋ ಭಾಷೆಯ ಬಬಲ್ ಟೀ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡೀ ಪ್ರೋಗ್ರಾಂ ಒಂದೇ ಫೈಲ್, ಕಾಪಿ ಮಾಡಿದರೆ ಕೆಲಸ ಮುಗಿಯಿತು, ಅದು ದೊಡ್ಡ ಸುಖ. ಆದರೆ ಅದರ ಟೇಬಲ್ ತೋರಿಸುವುದಕ್ಕೆ, ಆರಿಸುವುದಕ್ಕೆ ಇರುವಂಥದ್ದು. ಸಾಲಿನೊಳಗೇ ಪ್ರಮಾಣ ತಿದ್ದಬೇಕೆಂದರೆ ನಾವೇ ಬರೆದುಕೊಳ್ಳಬೇಕು.

ಟೆಕ್ಸ್ಟುಯಲ್ ನೋಡಿ ಮನಸೋತೆ. ಪೈಥಾನ್‌ನದೇ, 2021ರಲ್ಲಿ ಶುರುವಾದದ್ದು. ವೆಬ್ ಪುಟಗಳ ಸಿಎಸ್ಎಸ್ ತರಹದ ಸ್ಟೈಲ್, ಇನ್‌ಪುಟ್ ಸರಿಯೇ ಅಂತ ನೋಡುವ ವ್ಯಾಲಿಡೇಟರ್, ಕೀಲಿ ಒತ್ತಿದಂತೆ ನಟಿಸುವ ಟೆಸ್ಟ್ ಸೌಲಭ್ಯ ಎಲ್ಲವೂ ಇದೆ. ಅರ್ಧ ದಿನದಲ್ಲಿ ಸ್ಕ್ರೀನ್ ಸಿದ್ಧ. ಎಂಟ್ರಿಯವರ ಮುಂದಿಟ್ಟೆ. ಕೋಡ್ ಒತ್ತಿದರು, ಎಂಟರ್ ಒತ್ತಿದರು, ತಾರೀಕು ಒತ್ತಿದರು. ಕಣ್ಣು ಚೀಟಿಯ ಮೇಲೇ. ತಾರೀಕು ಹೋಗಿ ಕೋಡಿನ ಫೀಲ್ಡಿನಲ್ಲೇ ಅಂಟಿಕೊಂಡಿತ್ತು! ಅಲ್ಲಿ ಎಂಟರ್ ಅಂದರೆ 'ಸಬ್ಮಿಟ್' ಅಷ್ಟೇ, ಮುಂದಿನ ಫೀಲ್ಡಿಗೆ ಹೋಗಲು ಟ್ಯಾಬ್ ಬೇಕು. ಟ್ಯಾಬ್ ಇರುವುದು ಎಡತುದಿಯಲ್ಲಿ, ಎಡಗೈಯಲ್ಲಿ ಚೀಟಿ. ಸಬ್ಮಿಟ್ ಆದಾಗ ಫೋಕಸ್ ಮುಂದೆ ತಳ್ಳಲು ಎರಡು ಸಾಲು ಸಾಕು, ಬರೆದೆ. ಆದರೆ ಇಂಥ ಎರಡೆರಡು ಸಾಲು ಸೇರಿ ಸೇರಿ ನನ್ನದೇ ಒಂದು ಪುಟ್ಟ ಲೈಬ್ರರಿ ಆಗತೊಡಗಿತು.

ಕೊನೆಗೆ ಹಾರ್ಬರ್. ಡಾಸ್ ಕಾಲದಲ್ಲಿ ಇಂಥ ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ 1985ರ ಕ್ಲಿಪ್ಪರ್‌ಗೆ ಹೊಂದುವ ಮುಕ್ತ ಕಂಪೈಲರ್, 1999ರಲ್ಲಿ ಶುರುವಾದದ್ದು. ಹಳೇ ಸಾಮಾನು ಅಂತ ಮೂಗು ಮುರಿಯುತ್ತಲೇ ತೆರೆದೆ. ಫೀಲ್ಡ್ ಇಡಲು ಅದರ ಆಜ್ಞೆ ಅಟ್-ಸೇ-ಗೆಟ್: ಯಾವ ಸಾಲು, ಯಾವ ಕಾಲಂ, ಏನು ಹೆಸರು, ಯಾವ ವೇರಿಯೇಬಲ್. ಹತ್ತು ಫೀಲ್ಡಿಗೆ ಹತ್ತು ಸಾಲು. ಅಂಕಿಯ ರೂಪ 'ಪಿಕ್ಚರ್' ನೋಡಿಕೊಳ್ಳುತ್ತದೆ, ತಪ್ಪಿದ್ದರೆ 'ವ್ಯಾಲಿಡ್' ಮುಂದೆ ಬಿಡುವುದಿಲ್ಲ. ನಾಲ್ಕಂಕಿಯ ಕೋಡ್ ತುಂಬಿದ ಕೂಡಲೇ ಕರ್ಸರ್ ತಾನೇ ಮುಂದಕ್ಕೆ ಜಿಗಿಯುತ್ತದೆ, ಎಂಟರ್ ಕೂಡ ಬೇಡ. ಎಂಟ್ರಿಯವರು ಸ್ಕ್ರೀನ್ ಕಡೆ ತಲೆ ಎತ್ತಲೇ ಇಲ್ಲ. ಮೆಚ್ಚುಗೆ ಅಂದರೆ ಅದೇ ಇರಬೇಕು.

ಕಿರಿಕಿರಿ ಇಲ್ಲವೆಂದಲ್ಲ. 3.0 ಆವೃತ್ತಿ ಬಂದದ್ದು 2011ರಲ್ಲಿ, ಆಮೇಲಿನ 3.2 ಬೇಕಿದ್ದರೆ ಸೋರ್ಸ್ ಇಳಿಸಿಕೊಂಡು ಕಂಪೈಲ್ ಮಾಡಿಕೊಳ್ಳಿ. ವಿವರಣೆ ಹುಡುಕುತ್ತಾ ಹೋದರೆ ಡಾಸ್ ಕಾಲದ ಕೈಪಿಡಿಗೆ ಹೋಗಿ ಮುಟ್ಟುತ್ತೀರಿ. ಕ್ಲಿಪ್ಪರ್ ಕಾಲದಿಂದ ಬಂದ ಡೇಟಾ ಫೈಲ್ ಆದ ಡಿಬಿಎಫ್ ಅನ್ನು ನೆಟ್‌ವರ್ಕ್‌ನಲ್ಲಿ ಹಂಚಿಕೊಂಡಾಗ ನಡುವೆ ಒಂದು ಯಂತ್ರ ಕರೆಂಟ್ ಕಳೆದುಕೊಂಡರೆ ಇಂಡೆಕ್ಸ್ (ದಾಖಲೆ ಬೇಗ ಹುಡುಕುವ ಸೂಚಿ) ಕೆಡುವ ಭಯ ಇದ್ದೇ ಇದೆ. ಅದಕ್ಕೆ ಡಿಬಿಎಫ್ ಬಿಟ್ಟು, ಹಾರ್ಬರ್‌ನದೇ ಕಾಂಟ್ರಿಬ್ (ಹೆಚ್ಚುವರಿ ಲೈಬ್ರರಿಗಳ) ಫೋಲ್ಡರ್‌ನಲ್ಲಿರುವ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ ಹಿಡಿದೆ. ಪಿಡಿಎಫ್, ಬಾರ್‌ಕೋಡ್ ಕೂಡ ಅಲ್ಲೇ ಸಿಕ್ಕವು. ಹೊಸದನ್ನು ಹುಡುಕುವ ಮುನ್ನ ಆ ಫೋಲ್ಡರ್ ಒಮ್ಮೆ ತೆರೆದು ನೋಡಿ.

ಈಗ ಎಂಟ್ರಿ ಹಾರ್ಬರ್‌ನಲ್ಲಿ, ವರದಿಗಳು ಟೆಕ್ಸ್ಟುಯಲ್‌ನಲ್ಲಿ, ಅಡಿಯಲ್ಲಿ ಒಂದೇ ಡೇಟಾಬೇಸ್.

ನಾಲ್ಕೂ ಕೈಕೊಟ್ಟದ್ದು ಕನ್ನಡದಲ್ಲಿ. 'ರಾಷ್ಟ್ರ' ಕಣ್ಣಿಗೆ ಎರಡಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್‌ಗೆ ಏಳು ಸಂಕೇತ. ಎಷ್ಟು ಕಾಲಂ ಜಾಗ ಅನ್ನುವುದರಲ್ಲಿ ಲೈಬ್ರರಿಯ ಲೆಕ್ಕವೇ ಬೇರೆ, ಟರ್ಮಿನಲ್‌ನ ಲೆಕ್ಕವೇ ಬೇರೆ; ಟೇಬಲ್ಲಿನ ಗೆರೆಗಳು ಸೊಟ್ಟಗಾಗುತ್ತವೆ. ಸದ್ಯಕ್ಕೆ ಸರಕಿನ ಹೆಸರನ್ನು ಸಾಲಿನ ಕಟ್ಟಕಡೆಗೆ ಹಾಕಿದ್ದೇನೆ. ಅದರ ಬಲಕ್ಕೆ ಸೊಟ್ಟಗಾಗಲು ಏನೂ ಉಳಿದಿಲ್ಲ.