ಪಾಲಿಶಿಂಗ್ ಪ್ಯಾಡ್ ಶುಚಿಗೆ ಗಾಳಿಯೇ ಮೇಲು: ಬ್ರಶ್, ಟವೆಲ್, ಪ್ಯಾಡ್ ವಾಷರ್ ಜೊತೆ ಹೋಲಿಕೆ

ಕಾರಿಗೆ ಪಾಲಿಶ್ ಮಾಡುವಾಗ ಒಂದು ಪ್ಯಾನೆಲ್ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಪಾಲಿಶಿಂಗ್ ಮಷಿನ್‌ಗೆ ಹಾಕಿದ ಪ್ಯಾಡ್ (ಫೋಮ್, ಮೈಕ್ರೋಫೈಬರ್ ಅಥವಾ ಉಣ್ಣೆಯದ್ದು) ಶುಚಿ ಮಾಡಬೇಕಲ್ಲ, ಆ ಕೆಲಸಕ್ಕೆ ಕಂಪ್ರೆಸರ್ ಗಾಳಿಯನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಬ್ರಶ್, ಟವೆಲ್, ಬಕೆಟ್ ಮಾದರಿಯ ಪ್ಯಾಡ್ ವಾಷರ್, ಕೈಯಲ್ಲಿ ತೊಳೆಯುವುದು, ವಾಷಿಂಗ್ ಮಷಿನ್ ಎಲ್ಲವನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಸಣ್ಣದೊಂದು ಕಂಪ್ರೆಸರ್ ಬಂದ ಮೇಲೆ ಪ್ಯಾಡ್ ವಾಷರ್ ಮೂಲೆ ಸೇರಿದೆ. ಬ್ರಶ್ಶು, ಟವೆಲ್ಲು ಇನ್ನೂ ಕೈಗೆಟಕುವಲ್ಲೇ ಇವೆ. ಅವುಗಳ ಕೆಲಸ ಬೇರೆ.

ಪ್ಯಾಡ್‌ನಲ್ಲಿ ಕೂರುವ ಕೊಳೆ ಮಾಮೂಲಿ ಧೂಳಲ್ಲ. ಪಾಲಿಶ್‌ನ ಎಣ್ಣೆಯಂಶ, ಕೆಲಸ ಮುಗಿಸಿದ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು, ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಿಂದ ಎದ್ದು ಬಂದ ಪುಡಿ, ಈ ಮೂರೂ ಕಲಸಿಕೊಂಡ ಅಂಟು. ಫೋಮ್‌ನ ರಂಧ್ರಗಳ ಬಾಯಿಗೆ ಇದು ಮೆತ್ತಿಕೊಂಡು ಒಣಗಿದರೆ ಮೇಲ್ಮೈ ಗಟ್ಟಿಯಾಗಿ ಹೊಳೆಯತೊಡಗುತ್ತದೆ. ಆಮೇಲೆ ಎಷ್ಟು ಹೊಸ ಪಾಲಿಶ್ ಹಾಕಿದರೂ ಅದು ಬಣ್ಣಕ್ಕೆ ತಾಗುವುದು ಆ ಹಳೇ ಹೆಕ್ಕಳೆಯ ಮೂಲಕವೇ. ಕಟ್, ಅಂದರೆ ಗೀರು ತೆಗೆಯುವ ಶಕ್ತಿ, ಕಡಿಮೆಯಾಯಿತೆಂದು ಕೈ ತಾನಾಗಿ ಜೋರಾಗಿ ಒತ್ತುತ್ತದೆ, ಪ್ಯಾಡ್ ಬಿಸಿಯೇರುತ್ತದೆ, ಕಪ್ಪು ಬಣ್ಣದ ಕಾರಾದರೆ ದೀಪದ ಬೆಳಕಿನಲ್ಲಿ ತೆಳ್ಳನೆಯ ಮಂಜು ಕಾಣುತ್ತದೆ. ಆ ಮಂಜಿಗೆ ಪಾಲಿಶ್ ಬಾಟಲಿಯನ್ನು ಬೈಯುವವರೇ ಹೆಚ್ಚು. ಮೊದಲು ಪ್ಯಾಡ್ ಬದಲಿಸಿ ಅದೇ ಪಾಲಿಶ್‌ನಲ್ಲಿ ಒಂದು ಸೆಕ್ಷನ್ (ಒಂದು ಸಲಕ್ಕೆ ಹಿಡಿಯುವಷ್ಟು ಜಾಗ) ಮಾಡಿ ನೋಡಬೇಕು, ಬಹಳಷ್ಟು ಸಲ ಅಲ್ಲೇ ಉತ್ತರ ಸಿಗುತ್ತದೆ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಣ್ಣದಲ್ಲಿ ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ಅಂಥ ಕಾರಿನಲ್ಲಿ ಶುಚಿ ಮಾಡುವ ಸರದಿ ಇನ್ನಷ್ಟು ಬೇಗ ಬರುತ್ತದೆ.

ಗಾಳಿ ಗೆಲ್ಲುವುದು ಒಂದೇ ಕಾರಣಕ್ಕೆ: ಕೊಳೆಯನ್ನು ಹೊರಗೆ ಎಸೆಯುತ್ತದೆ, ಪ್ಯಾಡ್‌ಗೆ ಏನನ್ನೂ ಸೇರಿಸುವುದಿಲ್ಲ. ಶುಚಿ ಮಾಡಿದ ಮರುಕ್ಷಣವೇ ಅದೇ ಪ್ಯಾಡ್‌ನಲ್ಲಿ ಕೆಲಸ ಮುಂದುವರಿಸಬಹುದು. ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು, ಕಾರಿನಿಂದ ಎರಡು ಮೂರು ಮೀಟರ್ ದೂರ ಹೋಗಿ, ಗಾಳಿ ಬೀಸಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಬೇಕು. ಒತ್ತಡ 4ರಿಂದ 6 ಬಾರ್, ಅಂದರೆ ಸುಮಾರು 60ರಿಂದ 90 ಪಿಎಸ್ಐ ಸಾಕು. ಬ್ಲೋ ಗನ್‌ನ ಮೂತಿಯನ್ನು ಪ್ಯಾಡ್‌ನಿಂದ ಮೂರು ನಾಲ್ಕು ಸೆಂಟಿಮೀಟರ್ ದೂರ ಹಿಡಿದು, ನೇರವಾಗಿ ಒಳಕ್ಕೆ ಊದದೆ ಓರೆಯಾಗಿ, ನಡುವಿನಿಂದ ಅಂಚಿನ ಕಡೆಗೆ ಎಳೆಯುತ್ತಾ ಬರಬೇಕು. ನೇರ ಊದಿದರೆ ಪುಡಿ ಫೋಮ್‌ನ ಹೊಟ್ಟೆಗಿಳಿದು ಪ್ಯಾಡ್ ಬೆನ್ನಿನ ವೆಲ್ಕ್ರೋ ಅಂಟಿನ ಬಳಿ ಕೂರುತ್ತದೆ. ಡಿಎ (ಡ್ಯುಯಲ್ ಆ್ಯಕ್ಷನ್, ತಿರುಗುತ್ತಲೇ ಅದುರುವ) ಮಷಿನ್‌ನಲ್ಲಿ ಗಾಳಿಯ ರಭಸಕ್ಕೆ ಪ್ಯಾಡ್ ಗಿರ್ರನೆ ತಿರುಗತೊಡಗುತ್ತದೆ. ನೋಡಲು ಅನುಕೂಲ ಅನಿಸಿದರೂ ಬೇರಿಂಗ್‌ಗೆ ಅದು ಒಳ್ಳೆಯದಲ್ಲ, ಒಂದು ಬೆರಳಿನಲ್ಲಿ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹತ್ತು ಹದಿನೈದು ಸೆಕೆಂಡಿನ ಕೆಲಸ. ಪುಡಿ ಮುಖಕ್ಕೇ ಬರುವುದರಿಂದ ಕನ್ನಡಕ, ಮಾಸ್ಕ್ ಎರಡೂ ಕಡ್ಡಾಯ.

ಮೈಕ್ರೋಫೈಬರ್ ಪ್ಯಾಡ್‌ನಲ್ಲಂತೂ ಗಾಳಿಗೆ ಸಾಟಿಯೇ ಇಲ್ಲ. ಕಾಂಪೌಂಡ್ (ಒರಟು ಪಾಲಿಶ್) ಹತ್ತಿ ಮಲಗಿಬಿಟ್ಟ ಎಳೆಗಳು ಗಾಳಿಗೆ ಎದ್ದು ನಿಲ್ಲುವುದು ಕಣ್ಣಿಗೇ ಕಾಣುತ್ತದೆ: ಬೂದುಬಣ್ಣಕ್ಕೆ ತಿರುಗಿ ಚಪ್ಪಟೆಯಾಗಿದ್ದ ಜಾಗದಲ್ಲಿ ಮತ್ತೆ ಬಿಡಿಬಿಡಿ ಎಳೆ. ಎಳೆ ನಿಂತಿದ್ದರಷ್ಟೇ ಈ ಪ್ಯಾಡ್ ಕಟ್ ಮಾಡುವುದು. ಹಾಗಾಗಿ ಮೈಕ್ರೋಫೈಬರ್ ಬಳಸುವಾಗ ಪ್ರತಿ ಸೆಕ್ಷನ್ ಮುಗಿದ ಕೂಡಲೇ, ಅಂದರೆ ಹೆಚ್ಚುಕಡಿಮೆ ಅರ್ಧ ಮೀಟರ್ ಚೌಕ ಆದ ಕೂಡಲೇ, ಊದಬೇಕು. ಫೋಮ್‌ಗೆ ಎರಡು ಸೆಕ್ಷನ್‌ಗೊಮ್ಮೆ ಊದಿದರೂ ನಡೆಯುತ್ತದೆ.

ಗಾಳಿ ಕೈಕೊಡುವ ಜಾಗವೂ ಇದೆ. ಎಣ್ಣೆಯಂಶ ಜಾಸ್ತಿ ಇರುವ ಪಾಲಿಶ್ ಒಣಗದೆ ಹಸಿಯಾಗಿಯೇ ಉಳಿದಿದ್ದರೆ ಅದು ಹಾರಿಹೋಗುವುದಿಲ್ಲ, ಅಲ್ಲೇ ಹರಡಿಕೊಳ್ಳುತ್ತದೆ. ಆಗ ಮೊದಲು ಟವೆಲ್, ಆಮೇಲೆ ಗಾಳಿ. ಇನ್ನೊಂದು, ಕಂಪ್ರೆಸರ್ ಟ್ಯಾಂಕ್‌ನ ತಳದಲ್ಲಿ ನೀರು ನಿಲ್ಲುತ್ತದೆ. ಕೆಲಸ ಶುರು ಮಾಡುವ ಮುನ್ನ ಡ್ರೈನ್ ವಾಲ್ವ್ ಬಿಚ್ಚಿ ಅದನ್ನು ಹೊರಹಾಕಬೇಕು, ಪೈಪಿನಲ್ಲಿ ನೀರು ಹಿಡಿಯುವ ಫಿಲ್ಟರ್ ಇರಬೇಕು. ಇಲ್ಲದಿದ್ದರೆ ಪ್ಯಾಡ್ ಮೇಲೆ ನೀರಿನ ಜೊತೆ ತುಕ್ಕಿನ ಕಣವೂ ಬಂದು ಬೀಳುತ್ತದೆ, ಪಾಲಿಶ್ ಮಾಡುವವನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಟ್ಯಾಂಕ್ ದೊಡ್ಡದೇ ಬೇಕೆಂದಿಲ್ಲ. ಬಿಟ್ಟು ಬಿಟ್ಟು ಊದುವ ಕೆಲಸವಾದ್ದರಿಂದ 24 ಲೀಟರ್‌ನದ್ದು ಧಾರಾಳವಾಯಿತು. ಬ್ಯಾಟರಿ ಬ್ಲೋವರ್ ಕಂಪ್ರೆಸರ್‌ಗೆ ಬದಲಿಯಲ್ಲ. ಅದರ ಗಾಳಿ ಅಗಲ, ಮೊನೆಯಿಲ್ಲ.

ಬ್ರಶ್ ಅಗ್ಗ, ಸದ್ದಿಲ್ಲ, ಎಲ್ಲಿ ಬೇಕಾದರೂ ಒಯ್ಯಬಹುದು. ಮೃದುವಾದ ನೈಲಾನ್ ಎಳೆಯದ್ದನ್ನೇ ಆರಿಸಬೇಕು. ಮಷಿನ್ ತಿರುಗುತ್ತಿರುವಾಗಲೇ ಪ್ಯಾಡ್‌ಗೆ ತಾಗಿಸುವುದು. ರೋಟರಿಯಾದರೆ (ಅದುರದೆ ಬರೀ ತಿರುಗುವ ಮಷಿನ್) ಅತಿ ಕಡಿಮೆ ವೇಗ, 600ರಿಂದ 1000 ಆರ್‌ಪಿಎಂ ಒಳಗೆ. ಡಿಎ ಆದರೆ 1 ಅಥವಾ 2ನೇ ಸ್ಪೀಡ್. ಅಂಚಿನಿಂದ ಶುರು ಮಾಡಿದರೆ ಬ್ರಶ್ ಕೈಯಿಂದ ಚಿಮ್ಮಬಹುದು, ನಡುವಿನಲ್ಲಿಟ್ಟು ಹೊರಕ್ಕೆ ತರುವುದು ಕ್ಷೇಮ. ಗಟ್ಟಿಗಟ್ಟಿದ ಹೊಳಪು ಪದರವನ್ನು ಮುರಿಯುವುದರಲ್ಲಿ ಬ್ರಶ್‌ನದ್ದು ಎತ್ತಿದ ಕೈ, ಗಾಳಿಯೂ ಅಲ್ಲಿ ಹಿಂದೆ. ಆದರೆ ಮುರಿದ ಪುಡಿಯಲ್ಲಿ ಅರ್ಧಕ್ಕರ್ಧ ಪ್ಯಾಡ್‌ನಲ್ಲೇ ಉಳಿಯುತ್ತದೆ. ಫಿನಿಶಿಂಗ್‌ಗೆ ಬಳಸುವ ಮೆತ್ತನೆಯ ಫೋಮ್‌ಗೆ ತಿರುಗುವಾಗ ಬ್ರಶ್ ತಾಗಿಸಲೇಬಾರದು, ಅಂಚು ಚೂರು ಚೂರಾಗಿ ಕಿತ್ತು ಬರುತ್ತದೆ. ಅದಕ್ಕೆ ಮಷಿನ್ ಆಫ್ ಮಾಡಿ ಕೈಯಿಂದಲೇ ನಾಲ್ಕು ಸಲ ಸವರಿದರೆ ಸಾಕು. ಉಣ್ಣೆ ಪ್ಯಾಡ್‌ಗೆ ಹಲ್ಲುಗಾಲಿಯ ಸ್ಪರ್ ಇದೆ, ಅದನ್ನು ಫೋಮ್ ಹತ್ತಿರ ತರಬೇಡಿ.

ಟವೆಲ್ ವಿಧಾನ ಇನ್ನೂ ಸುಲಭ: ಒಣ ಹತ್ತಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿಟ್ಟು, ನಿಧಾನಕ್ಕೆ ತಿರುಗುವ ಪ್ಯಾಡ್‌ಗೆ ಒತ್ತುವುದು. ಹಸಿ ಪಾಲಿಶ್ ಹೀರುವುದರಲ್ಲಿ ಇದೇ ಮೊದಲು. ಟವೆಲ್ ಅಂಚು ಜೋತಾಡದಂತೆ ಮುಷ್ಟಿಯೊಳಗೆ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಮಷಿನ್‌ಗೆ ಸುತ್ತಿಕೊಳ್ಳುತ್ತದೆ.

ಇನ್ನು ಪ್ಯಾಡ್ ವಾಷರ್. ಮುಚ್ಚಿದ ಬಕೆಟ್, ಒಳಗೆ ಜಾಲರಿ, ಒತ್ತಿದಾಗ ನೀರು ಚಿಮ್ಮಿಸುವ ಸಣ್ಣ ಪಂಪುಗಳು. ಮಷಿನ್ ಸಮೇತ ಪ್ಯಾಡ್ ಇಳಿಸಿ ತೊಳೆದು, ಅಲ್ಲೇ ತಿರುಗಿಸಿ ನೀರು ಝಾಡಿಸಿ ತೆಗೆಯುವ ಏರ್ಪಾಡು. ತೊಳೆಯುವುದನ್ನು ಚೆನ್ನಾಗಿಯೇ ತೊಳೆಯುತ್ತದೆ. ಉಣ್ಣೆ ಪ್ಯಾಡ್ ಮತ್ತು ರೋಟರಿ ಜೋಡಿಗೆ ಇದು ಹೇಳಿ ಮಾಡಿಸಿದ್ದು. ದೊಡ್ಡ ತಲೆನೋವು, ಒದ್ದೆ. ಆ ಒಂದು ತಲೆನೋವೇ ಉಳಿದೆಲ್ಲ ಗುಣವನ್ನೂ ನುಂಗಿಹಾಕುತ್ತದೆ.

ಎಷ್ಟೇ ಝಾಡಿಸಿದರೂ ಫೋಮ್‌ನೊಳಗೆ ತೇವ ಉಳಿದೇ ಉಳಿಯುತ್ತದೆ. ಬೆರಳಿಗೆ ಒಣಗಿದಂತೆ ಅನಿಸುವುದು ಮೇಲ್ಮೈ ಮಾತ್ರ. ಪ್ಯಾಡನ್ನು ಒಣ ಟವೆಲ್ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿ, ದುಂಡನೆಯ ಒದ್ದೆ ಗುರುತು ಮೂಡುತ್ತದೆ. ಈ ತೇವ ಮೊದಲು ಪಾಲಿಶನ್ನು ತೆಳುಮಾಡುತ್ತದೆ. ಹೆಚ್ಚಿನ ಪಾಲಿಶ್‌ಗಳು ನೀರು, ಎಣ್ಣೆ ಬೆರೆತ ದ್ರವಗಳೇ. ಅದಕ್ಕೆ ಲೆಕ್ಕವಿಲ್ಲದ ನೀರು ಸೇರಿದರೆ ಪ್ಯಾಡ್‌ನಲ್ಲಿ ನಿಲ್ಲದೆ ಹನಿಹನಿಯಾಗಿ ಸಿಡಿದು ಗಾಜು, ರಬ್ಬರ್ ಬೀಡಿಂಗ್, ಬಾನೆಟ್ ಸಂದಿಗೆಲ್ಲ ಹಾರುತ್ತದೆ. ಎರಡನೆಯದು, ನೀರು ಕುಡಿದ ಫೋಮ್ ಮೆತ್ತಗಾಗುತ್ತದೆ. ಕಟಿಂಗ್ ಪ್ಯಾಡ್ ಹೆಸರಿಗಷ್ಟೇ ಕಟಿಂಗ್ ಆಗಿ ಉಳಿಯುತ್ತದೆ.

ಮೂರನೆಯದು ತೂಕ. ಡಿಎ ಮಷಿನ್‌ನ ಕೌಂಟರ್‌ವೇಟ್ (ಸಮತೋಲನಕ್ಕಿಟ್ಟ ತೂಕ) ನಿರ್ದಿಷ್ಟ ತೂಕದ ಪ್ಲೇಟ್ ಮತ್ತು ಪ್ಯಾಡ್‌ಗೆ ಹೊಂದಿಸಿದ್ದು. ನೀರಿನಿಂದ ಪ್ಯಾಡ್ ಭಾರವಾದರೆ ಆ ಹೊಂದಾಣಿಕೆ ತಪ್ಪಿ ಕೈಗೆ ನಡುಕ ಹತ್ತುತ್ತದೆ, 150 ಮಿ.ಮೀ. ಪ್ಯಾಡ್‌ನಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಂಡರೆ ಇನ್ನೊಂದು ವಿಷಯವೂ ಕಾಣುತ್ತದೆ. ವಾಷರ್‌ನ ಜಾಲರಿಗೆ ಸ್ವಲ್ಪ ಜೋರಾಗಿ ಒತ್ತಿದರೆ ಆ ಗೆರೆ ನಿಂತುಬಿಡುತ್ತದೆ. ಅಂದರೆ ಪ್ಯಾಡ್ ತಿರುಗುತ್ತಿಲ್ಲ, ಬರೀ ಅದುರುತ್ತಿದೆ, ಒಂದೇ ಜಾಗ ಉಜ್ಜಿಸಿಕೊಳ್ಳುತ್ತಿದೆ. ಹಗುರವಾಗಿ ಒತ್ತಿದರೆ ತಿರುಗುತ್ತದೆ, ಆದರೆ ಪಂಪಿನಿಂದ ನೀರು ಬರಲು ಅಷ್ಟು ಒತ್ತು ಸಾಲದು. ಗೇರ್‌ನಿಂದ ಬಲವಂತವಾಗಿ ತಿರುಗುವ ಮಷಿನ್‌ಗೆ ಈ ಪೇಚಿಲ್ಲ.

ಬಕೆಟ್ ನೀರಿನದ್ದೂ ಒಂದು ತಕರಾರಿದೆ. ಕಾರು ತೊಳೆಯುವ ಬಕೆಟ್‌ನಲ್ಲಿ ಮಣ್ಣು, ಮರಳು ಜಾಲರಿಯ ಕೆಳಗೆ ಬೇಗ ಇಳಿಯುತ್ತವೆ. ಪಾಲಿಶ್‌ನ ಕಣ ಹಾಗಲ್ಲ. ಒಂದು ಮೈಕ್ರಾನ್ ಆಸುಪಾಸಿನ ಅಲ್ಯೂಮಿನಿಯಂ ಆಕ್ಸೈಡ್ ಕಣ ಅಲುಗದ ನೀರಿನಲ್ಲೂ 10 ಸೆಂಟಿಮೀಟರ್ ಇಳಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ನಾವು ಇನ್ನೆಷ್ಟು ಸಲ ಪ್ಯಾಡ್ ಅದ್ದಿರುತ್ತೇವೋ. ಕಾಂಪೌಂಡ್ ಪ್ಯಾಡ್ ತೊಳೆದ ನೀರಿನಲ್ಲೇ ಫಿನಿಶಿಂಗ್ ಪ್ಯಾಡ್ ತೊಳೆದರೆ ಒರಟು ಕಣವನ್ನು ನಾವೇ ನಯವಾದ ಪ್ಯಾಡ್‌ಗೆ ತುಂಬಿದಂತೆ. ವಾಷರ್ ಬಳಸಲೇಬೇಕಾದವರು ಹಂತ ಬದಲಾದಾಗ ನೀರನ್ನೂ ಮುಲಾಜಿಲ್ಲದೆ ಬದಲಿಸಬೇಕು. ಆರೇಳು ಪ್ಯಾಡ್ ಇಟ್ಟುಕೊಂಡು, ತೊಳೆದದ್ದನ್ನು ಒಣಗಲು ಬಿಟ್ಟು ಇನ್ನೊಂದನ್ನು ಹಾಕಿಕೊಳ್ಳಬೇಕು. ಆದರೆ ಅಷ್ಟು ಪ್ಯಾಡ್ ಇದ್ದಮೇಲೆ ನಡುವೆ ತೊಳೆಯುವ ಅಗತ್ಯವೇ ಬೀಳುವುದಿಲ್ಲ.

ಗಾಳಿ ಎಣ್ಣೆಯನ್ನು ತೆಗೆಯುವುದಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ನೀರು ಬೇಕೇ ಬೇಕು, ಅಲ್ಲಿ ಕೈಯಲ್ಲಿ ತೊಳೆಯುವುದನ್ನೇ ನಾನು ಮೆಚ್ಚುವುದು. ಪ್ಯಾಡ್ ಒಣಗುವ ಮುಂಚೆಯೇ, ಅದೇ ದಿನ ತೊಳೆಯಬೇಕು. ಸಿಟ್ರಸ್ ಆಧಾರದ ಪ್ಯಾಡ್ ಕ್ಲೀನರ್ ಇದ್ದರೆ ಸರಿ. ಇಲ್ಲವಾದರೆ ಒಂದು ಭಾಗ ಎಪಿಸಿಗೆ (ಆಲ್ ಪರ್ಪಸ್ ಕ್ಲೀನರ್) ಹತ್ತು ಭಾಗ ನೀರು ಬೆರೆಸಿ ಪ್ಯಾಡ್ ಮುಖಕ್ಕೆ ಸ್ಪ್ರೇ ಮಾಡಿ ಐದು ನಿಮಿಷ ಬಿಡಿ. ಆಮೇಲೆ 40 ಡಿಗ್ರಿ ಮೀರದ ಉಗುರು ಬೆಚ್ಚನೆ ನೀರಿನಡಿ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ತಿಕ್ಕುತ್ತಾ ಬನ್ನಿ. ಮೊದಲು ಹಾಲಿನಂತೆ ಬರುವ ನೀರು ತಿಳಿಯಾಗಿ, ನೊರೆ ನಿಲ್ಲುವವರೆಗೂ ಬಿಡಬಾರದು. ಸೋಪು ಉಳಿದ ಪ್ಯಾಡ್ ಮುಂದಿನ ಸಲ ನೊರೆ ಕಾರಿ ಪಾಲಿಶನ್ನು ಕೆಡಿಸುತ್ತದೆ. ಎರಡು ಅಂಗೈ ನಡುವೆ ಒತ್ತಿ ನೀರು ತೆಗೆಯಿರಿ. ಬಟ್ಟೆ ಹಿಂಡಿದಂತೆ ತಿರುಚಿದರೆ ಫೋಮ್ ಮತ್ತು ವೆಲ್ಕ್ರೋ ನಡುವಿನ ಅಂಟು ಬಿಡುತ್ತದೆ. ರಾತ್ರಿಯಿಡೀ ನೆನೆಹಾಕಿದರೂ ಅದೇ ಗತಿ, ನೆನೆಸುವುದು ಅರ್ಧ ಗಂಟೆ ಮೀರಬಾರದು.

ಒಣಗಿಸುವಾಗ ಫೋಮ್ ಮುಖ ಕೆಳಗೆ, ವೆಲ್ಕ್ರೋ ಮೇಲೆ ಇರಲಿ, ಕೆಳಗೆ ಗಾಳಿಯಾಡುವ ಜಾಲರಿ ಇರಲಿ. ನೀರು ಅಂಟಿನಿಂದ ದೂರಕ್ಕೆ ಇಳಿಯಬೇಕೆಂಬುದೇ ಇದರ ಉದ್ದೇಶ. ನೇರ ಬಿಸಿಲು, ಡ್ರೈಯರ್ ಎರಡೂ ಬೇಡ. ದಪ್ಪ ಫೋಮ್‌ಗೆ ಒಂದು ದಿನ ಪೂರ್ತಿ ಬೇಕು.

ವಾಷಿಂಗ್ ಮಷಿನ್ ಮೈಕ್ರೋಫೈಬರ್ ಪ್ಯಾಡ್‌ಗೆ ಪರವಾಗಿಲ್ಲ: ಬಲೆ ಚೀಲದಲ್ಲಿ ಹಾಕಿ, ದ್ರವ ಡಿಟರ್ಜೆಂಟ್, 30 ಡಿಗ್ರಿ, ಕಡಿಮೆ ಸ್ಪಿನ್. ಫ್ಯಾಬ್ರಿಕ್ ಸಾಫ್ಟನರ್ ಮತ್ತು ಬ್ಲೀಚ್ ಬೇಡ. ಮೊದಲನೆಯದು ಎಳೆಗೆ ಪದರ ಕಟ್ಟುತ್ತದೆ, ಎರಡನೆಯದು ಎಳೆಯನ್ನೇ ಹಾಳು ಮಾಡುತ್ತದೆ. ಫೋಮ್ ಪ್ಯಾಡನ್ನು ನಾನು ಹಾಕುವುದಿಲ್ಲ, ಡ್ರಮ್‌ನಲ್ಲಿ ಹೊರಳಿ ಅಂಚು ಹರಿಯುತ್ತದೆ. ಸೆರಾಮಿಕ್ ಕೋಟಿಂಗ್ ಹಚ್ಚಿದ ಅಪ್ಲಿಕೇಟರ್ ತೊಳೆದು ಪ್ರಯೋಜನವಿಲ್ಲ, ಅದು ಒಳಗೇ ಗಟ್ಟಿಯಾಗುತ್ತದೆ, ಎಸೆಯಬೇಕು.

ನಾನು ಒಬ್ಬನೇ ಕೆಲಸ ಮಾಡುವವನು, ಒಂದು ಸಲಕ್ಕೆ ಒಂದೇ ಕಾರು, ಹೆಚ್ಚಾಗಿ ಗಾಢ ಬಣ್ಣದ್ದು, ಮಷಿನ್ ಡಿಎ. ಟಯರ್‌ಗೆ, ಸಂದಿಯ ನೀರು ಹೊಡೆಯಲು ಹೇಗೂ ಕಂಪ್ರೆಸರ್ ಬೇಕಿತ್ತು, ಹಾಗಾಗಿ ಪ್ಯಾಡ್‌ಗೆಂದು ಬೇರೆ ಖರ್ಚು ಬೀಳಲಿಲ್ಲ. ನಡುವೆ ಗಾಳಿ, ಹಸಿಯಿದ್ದರೆ ಟವೆಲ್, ಗಟ್ಟಿಯಾಗಿದ್ದರೆ ಬ್ರಶ್, ಕೊನೆಗೆ ಕೈತೊಳೆತ. ಕಂಪ್ರೆಸರ್ ಸದ್ದನ್ನು ಅಕ್ಕಪಕ್ಕದವರು ಸಹಿಸದ ಕಡೆ ಇರುವವರು, ಅಥವಾ ವರ್ಷಕ್ಕೊಮ್ಮೆ ಸ್ವಂತ ಕಾರನ್ನಷ್ಟೇ ಪಾಲಿಶ್ ಮಾಡುವವರು ಅದಕ್ಕೆ ದುಡ್ಡು ಹಾಕಬೇಕಿಲ್ಲ. ಆ ದುಡ್ಡಿನಲ್ಲಿ ಒಂದು ಬ್ರಶ್, ಎರಡು ಟವೆಲ್, ಪ್ರತಿ ಹಂತಕ್ಕೆ ನಾಲ್ಕೈದು ಪ್ಯಾಡ್ ಕೊಂಡರೆ ಪ್ಯಾಡ್ ವಾಷರ್‌ಗಿಂತ ಒಳ್ಳೆಯ ಫಲಿತಾಂಶ ಬರುತ್ತದೆ. ದಿನವಿಡೀ ರೋಟರಿಯಲ್ಲಿ ಉಣ್ಣೆ ಪ್ಯಾಡ್ ಓಡಿಸುವ ಅಂಗಡಿಯಾದರೆ ವಾಷರ್ ಕೊಳ್ಳಲಿ, ಅಲ್ಲಿ ಅದರ ಬೆಲೆ ವಸೂಲಾಗುತ್ತದೆ.

ಯಾವ ವಿಧಾನವಾದರೂ ಪ್ಯಾಡ್ ಬೆನ್ನಿಗೆ ಮಾರ್ಕರ್‌ನಲ್ಲಿ ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಎಂದು ಬರೆದಿಡಿ. ತೊಳೆದ ಮೇಲೂ ಒಂದರ ಕೆಲಸಕ್ಕೆ ಇನ್ನೊಂದನ್ನು ಹಾಕಬೇಡಿ. ಪೂರ್ತಿ ಒಣಗಿದ ಮೇಲಷ್ಟೇ ಜಿಪ್ ಚೀಲಕ್ಕೆ ಸೇರಿಸಿ. ವೆಲ್ಕ್ರೋ ಅಂಚು ಬೆರಳಿನ ಉಗುರಿಗೆ ಎದ್ದು ಬಂದರೆ, ಅಥವಾ ಒತ್ತಿ ಬಿಟ್ಟ ಫೋಮ್ ಮೊದಲಿನ ಎತ್ತರಕ್ಕೆ ಮರಳದಿದ್ದರೆ, ಆ ಪ್ಯಾಡನ್ನು ರಿಮ್ ಪಾಲಿಶ್‌ಗೆ ಇಳಿಸಿ.